ಸಹಾಯ ಬೇಕು: ಮರವಂತೆಯ ಕಡಲು ಕೆಸರಾಗುತ್ತಿದೆ!

ನಮಸ್ಕಾರ. ಮರವಂತೆಯ ಸಂಜೆಯನ್ನು ಇಂಪ್ರೆಷನಿಸ್ಟ್ ಶೈಲಿಯಲ್ಲಿ (ಆ ಕ್ಷಣದ ಬೆಳಕನ್ನು ಬಿಡಿ ಬಿಡಿ ಗೀಟುಗಳಲ್ಲಿ ಹಿಡಿಯುವ ಶೈಲಿ) ಬಿಡಿಸಲು ಹೊರಟು ಮೂರನೇ ಸಲ ಸೋತಿದ್ದೇನೆ. ಅಕ್ರಿಲಿಕ್ ಬಣ್ಣ, ಸಣ್ಣ ಕ್ಯಾನ್ವಾಸ್ ಬೋರ್ಡ್. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಎರಡನ್ನೂ ತುರುಕುವ ಆಸೆ ಬಿಟ್ಟೆ. ಈಗ ಕಡಲು, ದಡದ ಕಲ್ಲುಗಳು, ಒಂದು ದೋಣಿ, ಅಷ್ಟೇ.

ತೊಂದರೆ ನೀರಿನದು. ಸೂರ್ಯನ ಕಿತ್ತಳೆಯ ಪಕ್ಕ ನೀಲಿ ಇಟ್ಟರೆ ಎರಡೂ ಕಲೆತು ಮಣ್ಣಿನ ಬಣ್ಣವಾಗುತ್ತದೆ. ಒಣಗಲಿ ಅಂತ ಕಾದರೆ ಅಂಚುಗಳು ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಕಡಲ ಗಾಳಿಗೆ ಪ್ಯಾಲೆಟ್ ಬೇರೆ ಬೇಗ ಒಣಗುತ್ತದೆ. ಬಣ್ಣ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಬೆರೆಸಿದರೆ ಸಾಕಾ, ಎಣ್ಣೆ ಬಣ್ಣಕ್ಕೇ ಹೋಗಲಾ? ಎಣ್ಣೆ ಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆ ಅಂದರೆ ಮನೆಯವರು ಮುಖ ಸಿಂಡರಿಸುತ್ತಾರೆ.

ಕಲ್ಲುಗಳ ನೆರಳಿಗೆ ಕಪ್ಪು ಬಿಟ್ಟು, ಅಲ್ಟ್ರಾಮರೀನ್ ನೀಲಿಗೆ ಅಲಿಜರಿನ್ ಕ್ರಿಮ್ಸನ್ ಕೆಂಪು ಬೆರೆಸಿದ ನೇರಳೆ ಹಾಕಿದೆ. ಅದೊಂದು ಮಾತ್ರ ಚೆನ್ನಾಗಿ ಬಂದಿದೆ, ಸುಮ್ನೆ ಹೇಳುತ್ತಿಲ್ಲ.

1880ರ ದಶಕದಲ್ಲಿ ಫ್ರಾನ್ಸಿನ ಎತ್ರೆತಾ ಕಡಲತೀರದಲ್ಲಿ ಇಂಪ್ರೆಷನಿಸ್ಟ್ ಚಿತ್ರಕಾರ ಕ್ಲೋದ್ ಮೊನೆ ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತಿದ್ದರಂತೆ. ನನಗೆ ಸಿಗುವುದು ಭಾನುವಾರದ ಒಂದೇ ಗಂಟೆ! ಉಳಿದದ್ದನ್ನು ಫೋಟೋ ನೋಡಿ ಮನೆಯಲ್ಲಿ ಮುಗಿಸಬಹುದಾ? ಅಲೆಯ ತುಂಡು ತುಂಡು ಗೀಟುಗಳಿಗೆ ಯಾವ ಬ್ರಷ್ ಒಳ್ಳೆಯದು, ನೇರ ತುದಿಯ ಫ್ಲ್ಯಾಟೋ, ದುಂಡು ತುದಿಯ ಫಿಲ್ಬರ್ಟೋ?