ಸಾಲಿಸ್ಬರಿಯ ಸೊಟ್ಟ ಕಂಬ

ರಜೆಯ ದಿನ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೆ: ಕಾರನ್ನು ಮನೆಯಲ್ಲಿ ಬಿಟ್ಟು ದಕ್ಷಿಣ ಇಂಗ್ಲೆಂಡಿನ ಸಾಲಿಸ್ಬರಿಯ ರೈಲು ಹತ್ತಿ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಸುಮಾರು ಒಂದೂವರೆ ಗಂಟೆಯ ದಾರಿ. ಕಾರಿನಲ್ಲಾದರೆ ನಮ್ಮ ಕಣ್ಣು ರಸ್ತೆಯ ಮೇಲೆ, ಮಕ್ಕಳ ಕಣ್ಣು ಮೊಬೈಲಿನ ಮೇಲೆ. ರೈಲಿನಲ್ಲಿ ಎದುರುಬದುರು ಕುಳಿತರೆ ಮಾತನಾಡದೆ ವಿಧಿಯಿಲ್ಲ. ಅದರಲ್ಲೂ ಪಕ್ಕದವರಿಗೆ ತಿಳಿಯಬಾರದ ಮಾತಿಗೆ ಕನ್ನಡವೇ ಆಗಬೇಕು. ಕನ್ನಡ ತರಗತಿಯಲ್ಲಿ ತಡವರಿಸುವ ನನ್ನ ಮಗಳು ಎದುರು ಸಾಲಿನವರ ಟೋಪಿಯ ಬಗ್ಗೆ ನಿರರ್ಗಳವಾಗಿ ಮಾತನಾಡಿದಳು!

ಕುಟುಂಬದ ರೈಲ್‌ಕಾರ್ಡ್ ಇದ್ದರೆ ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಶೇ 60ರಷ್ಟು ರಿಯಾಯಿತಿ. ಭಾನುವಾರ ಮಾತ್ರ ಬೇಡ. ಹಳಿ ದುರಸ್ತಿಯ ಹೆಸರಿನಲ್ಲಿ ನಡುದಾರಿಯಲ್ಲಿ ನಮ್ಮನ್ನು ಬಸ್ಸಿಗೆ ಹತ್ತಿಸಿದ ಅನುಭವವಿದೆ.

ಅಲ್ಲಿ ನೋಡಬೇಕಾದದ್ದು ಕೆಥೆಡ್ರಲ್, ಅಂದರೆ ಊರಿನ ಹಳೆಯ ದೊಡ್ಡ ಚರ್ಚು. ಅದರ ಶಿಖರದ ಎತ್ತರ 123 ಮೀಟರ್, ಬ್ರಿಟನ್ನಿನಲ್ಲೇ ಹೆಚ್ಚು. ಕೆಳಗೆ ಅಡಿಪಾಯದ ಆಳ ಮಾತ್ರ ಒಂದು ಮೀಟರಿಗಿಂತ ತುಸು ಹೆಚ್ಚು. ಮೊದಲು ಕಟ್ಟಿದವರ ಲೆಕ್ಕದಲ್ಲಿ ಇಷ್ಟು ಭಾರವಿರಲಿಲ್ಲ. ಶಿಖರವನ್ನು ಏರಿಸಿದ್ದು ಆಮೇಲೆ. ಸಾವಿರಾರು ಟನ್ನು ಹೊತ್ತ ನಡುವಿನ ಕಂಬಗಳು ಬಾಗಿವೆ. ಮಗಳು ಕಲ್ಲಿಗೆ ಕೆನ್ನೆ ಒತ್ತಿ, ಹಲಗೆಯ ನೇರ ನೋಡುವ ಬಡಗಿಯಂತೆ ಒಂದು ಕಣ್ಣು ಮುಚ್ಚಿ ಮೇಲಕ್ಕೆ ನೋಡಿ, “ಸೊಟ್ಟ!” ಎಂದಳು. ಅವಳ ಅಕ್ಷರ ನೋಡಿ ಅಜ್ಜಿ ಬೈಯುವಾಗ ಬಳಸುವ ಪದ ಅದು. ನೆಲದಲ್ಲಿ ಒಂದು ರಂಧ್ರವಿದೆ. ಅದರೊಳಗೆ ಕೋಲು ಇಳಿಸಿ ಅಂತರ್ಜಲದ ಮಟ್ಟ ಅಳೆಯುತ್ತಾರೆ. ಅದು ಗೊತ್ತಾದ ಮೇಲೆ ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಇಂಗ್ಲೆಂಡಿನ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದು, 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಒಂದು ಇಲ್ಲಿದೆ. ನಾನು ಭಕ್ತಿಯಿಂದ ನಿಂತೆ, ಮಕ್ಕಳು ಅರ್ಧ ನಿಮಿಷದಲ್ಲಿ ಹೊರಟರು. ಮುಖವೇ ಇಲ್ಲದೆ ಗಂಟೆ ಮಾತ್ರ ಹೊಡೆಯಲು ಮಾಡಿದ ಹಳೆಯ ಗಡಿಯಾರ ಅವರಿಗೆ ಹೆಚ್ಚು ಹಿಡಿಸಿತು.

ಆಮೇಲೆ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುವಾಗ ಇಸವಿಗಳನ್ನು ಹೇಳಿದೆ. ಕೆಥೆಡ್ರಲ್‌ಗೆ ಅಡಿಗಲ್ಲು ಬಿದ್ದದ್ದು 1220ರಲ್ಲಿ, ಪ್ರತಿಷ್ಠೆಯಾದದ್ದು 1258ರಲ್ಲಿ. ಅದೇ 1258ರಲ್ಲಿ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದಲ್ಲೂ ಪ್ರತಿಷ್ಠೆ ನಡೆಯಿತು. ಮಗಳು ನಂಬಲಿಲ್ಲ, ಮೊಬೈಲಿನಲ್ಲಿ ಹುಡುಕಿ ನೋಡಿಯೇ ಒಪ್ಪಿದಳು.

“ಅಲ್ಲಿಯ ಕಂಬಗಳೂ ಸೊಟ್ಟವೇ?”

ನಾನು ಎರಡು ಸಲ ಸೋಮನಾಥಪುರಕ್ಕೆ ಹೋಗಿದ್ದೇನೆ. ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಂಡದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ತಾನೇ ಕೆನ್ನೆಯೊತ್ತಿ ನೋಡುತ್ತಾಳಂತೆ.