ಓದುಗರ ಸ್ಪಂದನ: ಮೂರು ಕೋರ್ಸಿನಲ್ಲಿ ಎರಡನ್ನು ಬಿಡಿಸಿ, ಒಂದನ್ನು ಉಳಿಸಿ

ಕಳೆದ ಸಂಚಿಕೆಯ ಪ್ರಶ್ನೆ: ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಕಂಪ್ಯೂಟರ್ ಎಂದರೆ ಪ್ರಾಣ. ನನ್ನ ಮೊಬೈಲಿನಲ್ಲೇ ಮೂರು ಉಚಿತ ಆನ್‌ಲೈನ್ ಕೋರ್ಸಿಗೆ ಸೇರಿದ್ದಾಳೆ. ಮೂರೂ ಎರಡನೇ ವಾರಕ್ಕೇ ನಿಂತಿವೆ. ಇಂಗ್ಲಿಷ್ ತಲೆಗೆ ಹತ್ತುತ್ತಿಲ್ಲ ಎನ್ನುತ್ತಾಳೆ. ಈ ನಡುವೆ ಒಂದು ಸಂಸ್ಥೆಯವರು ‘ನಮ್ಮ ಸರ್ಟಿಫಿಕೇಟ್ ಇದ್ದರೆ ಎಂಜಿನಿಯರಿಂಗ್ ಸೀಟು ಸುಲಭ, ಕಂತಿನಲ್ಲಿ ಕಟ್ಟಿ’ ಎಂದು ದಿನಾ ಫೋನ್ ಮಾಡುತ್ತಾರೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಎಲ್ಲ ಬಿಡಿಸಿಬಿಡಲೇ?

*

ಅಕ್ಕಾ, ಎರಡನೇ ವಾರಕ್ಕೆ ನಿಂತಿದೆ ಎಂದರೆ ಮಗಳು ವಿಡಿಯೊ ನೋಡುತ್ತಿದ್ದಾಳೆ, ಅಭ್ಯಾಸ ಮಾಡುತ್ತಿಲ್ಲ ಎಂದೇ ನನ್ನ ಊಹೆ. ಪ್ರೋಗ್ರಾಮಿಂಗ್ ಕೋರ್ಸ್‌ಗಳಲ್ಲಿ ಮೊದಲ ವಾರ ನೋಡಿದರೇ ಅರ್ಥವಾದಂತೆ ಅನ್ನಿಸುತ್ತದೆ, ಎರಡನೆಯದರಲ್ಲಿ ಕೈ ಕಟ್ಟುತ್ತದೆ. ಹತ್ತು ನಿಮಿಷ ನೋಡಿದರೆ ಇಪ್ಪತ್ತು ನಿಮಿಷ ಟೈಪ್ ಮಾಡಬೇಕು.

ಯಾವ ಕೋರ್ಸ್ ಎಂಬುದೂ ಮುಖ್ಯ. ಹಾರ್ವರ್ಡ್‌ನ ಸಿಎಸ್50 ಎಲ್ಲರೂ ಹೊಗಳುವ ಉಚಿತ ಕೋರ್ಸ್. ಆದರೆ ಅದು ಸ್ಕ್ರ್ಯಾಚ್ ಎಂಬ, ಬ್ಲಾಕ್ ಜೋಡಿಸಿ ಪ್ರೋಗ್ರಾಂ ಕಟ್ಟುವ ಮಕ್ಕಳ ಭಾಷೆಯ ಆಟದಿಂದ ಶುರುವಾಗಿ ಮರುವಾರವೇ ಸಿ ಭಾಷೆಗೆ ಜಿಗಿಯುತ್ತದೆ. ನಾಲ್ಕನೇ ವಾರದ ಪಾಯಿಂಟರ್‌ಗಳ (ಮೆಮೊರಿಯ ವಿಳಾಸಗಳ) ಹತ್ತಿರ ದೊಡ್ಡವರೇ ಎಡವುತ್ತಾರೆ. ಒಂಬತ್ತನೇ ತರಗತಿಗೆ ಅದರ ತಂಗಿ ಕೋರ್ಸ್ ಸಿಎಸ್50ಪಿ ವಾಸಿ: ಬರೀ ಪೈಥಾನ್ ಭಾಷೆ, ಹತ್ತು ಪಾಠ, ಮೊದಲ ಒಂಬತ್ತಕ್ಕೂ ಲೆಕ್ಕಗಳು, ಕೊನೆಗೊಂದು ಪ್ರಾಜೆಕ್ಟ್.

ಮೊಬೈಲಿನಲ್ಲಿ ಅಭ್ಯಾಸಕ್ಕೆ ಪೈಡ್ರಾಯ್ಡ್ 3 ಎಂಬ ಆಂಡ್ರಾಯ್ಡ್ ಆ್ಯಪ್ ಸಾಕು, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದು ಒಟಿಜಿ ಕೇಬಲ್ ಹಾಕಿ ಸಾಧಾರಣ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿದರೆ ಅರ್ಧ ಕಷ್ಟ ಹೋಯಿತು. ಉಳಿದರ್ಧ ಹೆಚ್ಚಾಗಿ ಇವು: ಮೊಬೈಲ್ ಕೀಬೋರ್ಡ್ ಸಾಲಿನ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ, ಆಗ ಪ್ರಿಂಟ್ ಎಂದು ಸರಿಯಾಗಿ ಬರೆದರೂ ‘ನೇಮ್‌ಎರರ್’ ಎಂಬ ದೋಷ ಬರುತ್ತದೆ (ಸೆಟ್ಟಿಂಗ್ಸ್‌ನಲ್ಲಿ ಆಟೊ ಕ್ಯಾಪಿಟಲೈಸೇಶನ್ ಆಫ್ ಮಾಡಿ). ಪಿಡಿಎಫ್‌ನಿಂದ ನಕಲು ಮಾಡಿದ ಸಾಲಿನಲ್ಲಿ ಉದ್ಧರಣ ಚಿಹ್ನೆ ಬಾಗಿಕೊಂಡಿರುತ್ತದೆ, ಪೈಥಾನ್ ಅದನ್ನು ಒಪ್ಪುವುದಿಲ್ಲ. ನೇರ ಚಿಹ್ನೆಯನ್ನೇ ಟೈಪ್ ಮಾಡಬೇಕು. ಇಫ್ ಸಾಲಿನ ಕೆಳಗೆ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಮೂರು ಸ್ಪೇಸ್ ಬಿಟ್ಟರೂ ಕೆಟ್ಟಿತು. ಇನ್‌ಪುಟ್‌ನಲ್ಲಿ ಪಡೆದ 5 ಮತ್ತು 5ನ್ನು ಕೂಡಿಸಿದಾಗ 10ರ ಬದಲು 55 ಬಂದರೆ ಗಾಬರಿ ಬೇಡ: ಅದು ಸಂಖ್ಯೆಯಲ್ಲ, ಅಕ್ಷರ. ಇಂಟ್ ಎಂಬುದರೊಳಗೆ ಹಾಕಿ ಸಂಖ್ಯೆಯಾಗಿಸಬೇಕು. ಮಕ್ಕಳು ‘ನನಗೆ ಬರಲ್ಲ’ ಎಂದು ಕೈಬಿಡುವುದು ಬಹುಪಾಲು ಇಂಥ ಸಣ್ಣ ಕಡೆಗಳಲ್ಲೇ.

ಸಿಎಸ್50ಪಿ ಲೆಕ್ಕಗಳನ್ನು ಸಲ್ಲಿಸಲು ಮಾತ್ರ ಬ್ರೌಸರ್‌ನಲ್ಲಿ ತೆರೆಯುವ ಕೋಡ್‌ಸ್ಪೇಸ್ ಎಂಬ ಕೋಡ್ ಬರೆಯುವ ಜಾಗ ಬೇಕು, ಮೊಬೈಲಿನಲ್ಲಿ ಅದು ಹಿಂಸೆ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕಂಪ್ಯೂಟರ್ ಇದೆಯೇ ವಿಚಾರಿಸಿ. ಇದ್ದರೆ ವಾರಕ್ಕೊಮ್ಮೆ ಒಂದು ಗಂಟೆ ಸಾಕು.

– ಕಂಪ್ಯೂಟರ್ ಉಪನ್ಯಾಸಕಿ, ಶಿವಮೊಗ್ಗ

*

ಇಂಗ್ಲಿಷ್ ಬಗ್ಗೆ ಒಂದು ಮಾತು. ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ವೇಗವನ್ನು 0.75ಕ್ಕೆ ಇಳಿಸಿ. ಕಿವಿಗೆ ತಪ್ಪಿದ್ದು ಕಣ್ಣಿಗೆ ಸಿಗುತ್ತದೆ. ಐಐಟಿಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟಿಇಎಲ್‌ನ ಕೆಲವು ಕೋರ್ಸ್‌ಗಳ ಪಾಠದ ಪಠ್ಯ ಕನ್ನಡದಲ್ಲೇ ಪಿಡಿಎಫ್ ಆಗಿ ಸಿಗುತ್ತದೆ, ಆದರೆ ಅವು ಕಾಲೇಜು ಮಟ್ಟದವು. ಶಾಲೆಯ ಗಣಿತಕ್ಕೆ ಖಾನ್ ಅಕಾಡೆಮಿಯ ಕನ್ನಡ ಪುಟವಿದೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ಸಾಮಗ್ರಿ ಬರುತ್ತದೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು.

ಡೇಟಾ: 360ಪಿಯಲ್ಲಿ ಗಂಟೆಗೆ ಸುಮಾರು 300 ಎಂಬಿ ಹೋಗುತ್ತದೆ, 720ಪಿಯಲ್ಲಿ ಒಂದು ಜಿಬಿ ದಾಟಬಹುದು. ಉಳಿತಾಯವೆಂದು 144ಪಿಗೆ ಇಳಿಸಬೇಡಿ, ಕೋಡಿನ ಅಕ್ಷರ ಕಲಸಿಹೋಗಿ ಚುಕ್ಕೆಯೋ ಅಲ್ಪವಿರಾಮವೋ ತಿಳಿಯುವುದಿಲ್ಲ.

– ಗ್ರಂಥಪಾಲಕ, ಗದಗ

*

ಫೋನ್ ಮಾಡುವವರ ಮಾತು ಸುಳ್ಳು ಮೇಡಂ. ಕರ್ನಾಟಕದಲ್ಲಿ ಸಿಇಟಿ ಮೂಲಕ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವುದು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ ಕೊಟ್ಟು. ಯಾವ ಆನ್‌ಲೈನ್ ಸರ್ಟಿಫಿಕೇಟಿಗೂ ಅದರಲ್ಲಿ ಜಾಗವಿಲ್ಲ.

‘ಬಡ್ಡಿಯಿಲ್ಲದ ಕಂತು’ ಎಂದರೆ ಬಹಳ ಸಲ ನಿಮ್ಮ ಹೆಸರಿನಲ್ಲಿ ಬೇರೊಂದು ಹಣಕಾಸು ಸಂಸ್ಥೆಯಿಂದ ಸಾಲ. ಮಗಳು ಪಾಠ ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಅಂಕ (ಮುಂದೆ ಸಾಲ ಕೊಡುವವರು ನೋಡುವ ಅಂಕ) ಕೆಡುವುದು ನಿಮ್ಮದು. ಡೆಮೊ ಕ್ಲಾಸ್ ಹೆಸರಿನಲ್ಲಿ ಒಟಿಪಿ, ಪ್ಯಾನ್ ಕೇಳಿದರೆ ಕೊಡಬೇಡಿ. ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಬೇಡಿ ಎಂದು ಕೇಂದ್ರ ಶಿಕ್ಷಣ ಇಲಾಖೆಯೇ 2021ರ ಡಿಸೆಂಬರಿನಲ್ಲಿ ಪೋಷಕರಿಗೆ ತಿಳಿಸಿದೆ. ಈಗಾಗಲೇ ಒಪ್ಪಿಗೆ ಕೊಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನ ‘ಆಟೊಪೇ’ ವಿಭಾಗದಲ್ಲಿ ರದ್ದು ಮಾಡಿ, ಬ್ಯಾಂಕ್ ಮ್ಯಾಂಡೇಟ್ (ಬ್ಯಾಂಕಿಗೇ ಕೊಟ್ಟ ಕಡಿತದ ಒಪ್ಪಿಗೆ) ಆಗಿದ್ದರೆ ಶಾಖೆಗೆ ಬರಹದಲ್ಲಿ ಕೊಡಿ. ಸಾಲವನ್ನೇ ತೆಗೆದುಕೊಂಡಾಗಿದ್ದರೆ ಕಡಿತ ನಿಲ್ಲಿಸಿದ ಮಾತ್ರಕ್ಕೆ ಸಾಲ ತೀರದು. ಮೊದಲು ಕೋರ್ಸ್ ರದ್ದತಿಯನ್ನು ಇಮೇಲ್‌ನಲ್ಲಿ ಬರೆದು ಕೇಳಿ. ಗ್ರಾಹಕ ಸಹಾಯವಾಣಿ 1915.

– ಗ್ರಾಹಕ ವ್ಯಾಜ್ಯಗಳ ವಕೀಲ, ಮೈಸೂರು

*

ಗಡುವಿನ ವಿಷಯ ಯಾರೂ ಹೇಳಿಲ್ಲ. ಕೇಂದ್ರ ಸರ್ಕಾರದ ಕಲಿಕಾ ತಾಣ ಸ್ವಯಂ, ಎನ್‌ಪಿಟಿಇಎಲ್ ಇವುಗಳ ಕೋರ್ಸ್‌ಗಳು ಜನವರಿ ಮತ್ತು ಜುಲೈ ಅವಧಿಗಳಲ್ಲಿ ನಡೆಯುತ್ತವೆ. ಎನ್‌ಪಿಟಿಇಎಲ್‌ನಲ್ಲಿ ವಾರವಾರವೂ ಅಸೈನ್‌ಮೆಂಟ್, ದಿನ ಮೀರಿದರೆ ಹೋಯಿತು. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್ ಲೆಕ್ಕಕ್ಕೆ ಬರುತ್ತವೆ. ಅದಕ್ಕೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಕಲಿಯುವುದು ಉಚಿತ, ಪರೀಕ್ಷೆಗೆ ಶುಲ್ಕವಿದೆ. ಜನವರಿ ಅವಧಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುವ ತಿಂಗಳುಗಳಿಗೇ ಬಂದು ಬೀಳುತ್ತದೆ, ಆದ್ದರಿಂದ ಹತ್ತನೇ ತರಗತಿಯಲ್ಲಿ ಅದು ಬೇಡ. ತನ್ನ ವೇಗದಲ್ಲಿ ಕಲಿಯುವ ಕೋರ್ಸೇ ಇರಲಿ: ಒಂಬತ್ತರ ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಗಂಟೆ, ಶಾಲೆ ತೆರೆದ ಮೇಲೆ ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ, ಡಿಸೆಂಬರಿನಿಂದ ಪರೀಕ್ಷೆ ಮುಗಿಯುವವರೆಗೆ ಪೂರ್ತಿ ಬಂದ್. ನಿಲ್ಲಿಸುವ ದಿನ, ಕೊನೆಯ ಪ್ರೋಗ್ರಾಂ ಏನು ಮಾಡುತ್ತದೆ, ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಕನ್ನಡದಲ್ಲೇ ಬರೆಸಿಡಿ. ಏಪ್ರಿಲ್‌ನಲ್ಲಿ ಅಲ್ಲಿಂದಲೇ ಶುರು ಮಾಡಬಹುದು.

– ಪ್ರೌಢಶಾಲಾ ಗಣಿತ ಶಿಕ್ಷಕ, ಚಿಕ್ಕಬಳ್ಳಾಪುರ