ಅಪ್‌ಡೇಟ್: ಶಾಲೆಗೆ ಹೊರಡುವ ಹೊತ್ತಿಗೆ ಮಗಳಿಗೆ ಬರುತ್ತಿದ್ದ ಹೊಟ್ಟೆನೋವು

9 ವರ್ಷದ ಮಗಳು ಶಾಲೆಯಿರುವ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಹೊಟ್ಟೆನೋವೆಂದು ಅಳುತ್ತಾಳೆ, ರಜೆಯಲ್ಲಿ ಆರಾಮವಾಗಿರುತ್ತಾಳೆ, ಏನು ಮಾಡಲಿ ಎಂದು ಈಚೆಗೆ ಕೇಳಿದ್ದೆ. ಈಗ ಆಕೆ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಹಲವರು ಹೇಳಿದಂತೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿದೆವು. ಕಾಯಿಲೆಯೇನೂ ಕಾಣಲಿಲ್ಲ. ಆದರೆ ಇದು ನಟನೆಯಲ್ಲ, ಕರುಳಿಗೂ ಮೆದುಳಿಗೂ ನರಗಳ ಸಂಪರ್ಕವಿರುವುದರಿಂದ ಆತಂಕವು ನಿಜವಾದ ನೋವಾಗಿಯೇ ಕಾಣಿಸಿಕೊಳ್ಳುತ್ತದೆ ಎಂದು ಅವರು ವಿವರಿಸಿದ್ದು ನನಗೆ ಹೊಸ ವಿಷಯವಾಗಿತ್ತು.

ಶಾಲೆಗೆ ಹೋದ ದಿನಕ್ಕೊಂದು ನಕ್ಷತ್ರ ಅಂಟಿಸುವ ಬಹುಮಾನದ ಪಟ್ಟಿ ನಮ್ಮಲ್ಲಿ ಫಲಿಸಲಿಲ್ಲ. ನಕ್ಷತ್ರ ತಪ್ಪಿದ ದಿನ ಅಳು ಇನ್ನೂ ಹೆಚ್ಚುತ್ತಿತ್ತು. ಕೈಹಿಡಿದದ್ದು, ಮಗುವನ್ನು ಎದುರು ಕೂರಿಸಿ ಪ್ರಶ್ನಿಸುವ ಬದಲು ಜೊತೆಯಲ್ಲಿ ಏನಾದರೂ ಕೆಲಸ ಮಾಡುತ್ತಾ ಮಾತಿಗೆ ಅವಕಾಶ ಕೊಡಿ ಎಂಬ ಸಲಹೆ. ಬಟ್ಟೆ ಮಡಿಸುವಾಗ, ಕಾಲುಚೀಲದ ಜೋಡಿ ಹುಡುಕುತ್ತಲೇ, “ಕ್ಲಾಸಲ್ಲಿ ಜೋರಾಗಿ ಓದೋಕೆ ಎದ್ದು ನಿಲ್ಲಿಸಿದ್ರೆ ನಂಗೆ ಅಕ್ಷರಾನೇ ಕಾಣಲ್ಲ ಅಮ್ಮಾ” ಎಂದಳು. ಗೆಳತಿಯರ ಜಗಳವಿರಬೇಕೆಂದು ನಾವೆಲ್ಲ ಊಹಿಸಿದ್ದೆವು!

ಮನೆಯಲ್ಲೇ ಉಳಿಸಿಕೊಂಡಷ್ಟೂ ಭಯ ಬಲಿಯುತ್ತದೆ ಎಂಬ ಎಚ್ಚರಿಕೆಯೂ ಸರಿಯಾಗಿತ್ತು. ಶಿಕ್ಷಕಿಯೊಂದಿಗೆ ಮಾತನಾಡಿದ ಮೇಲೆ, ಮೊದಲು ಅವರೊಬ್ಬರ ಮುಂದೆ, ಬಳಿಕ ಒಬ್ಬ ಗೆಳತಿಯ ಜೊತೆ, ಈಗ ಚಿಕ್ಕ ಗುಂಪಿನಲ್ಲಿ ಅವಳು ಓದುತ್ತಿದ್ದಾಳೆ. ಇಡೀ ತರಗತಿಯ ಮುಂದೆ ಓದುವುದು ಇನ್ನೂ ಬಾಕಿಯಿದೆ, ಅವಸರವಿಲ್ಲ. ದೃಷ್ಟಿದೋಷ ಅಥವಾ ಓದಿನ ಕಲಿಕೆಯ ತೊಂದರೆ ಇದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಲಿದ್ದೇವೆ.

ಇದೇ ತೊಂದರೆಯಿರುವವರಿಗೆ ಒಂದು ಮಾತು: ನೋವಿನ ಜೊತೆ ಜ್ವರ, ತೂಕ ಇಳಿಕೆ, ರಾತ್ರಿ ನೋವಿನಿಂದ ಎಚ್ಚರವಾಗುವುದು ಇವುಗಳಲ್ಲಿ ಒಂದಾದರೂ ಇದ್ದರೆ ಆತಂಕವೆಂದು ಭಾವಿಸದೆ ಕೂಡಲೇ ವೈದ್ಯರಲ್ಲಿಗೆ ಹೋಗಿ.